ಅನುಭವದ ವರ್ಣನೆ ಮತ್ತು ತೀರ್ಪಿನ ಸಂಯಮ

ಅನುಭವವನ್ನು ಅಂಕಿಗಳಿಂದ ಅಳೆಯಲಾಗದೆಂಬ ಅಸಮಾಧಾನದಿಂದ ಹುಟ್ಟಿದ ಸಂಶೋಧನಾ ಕ್ರಮಗಳಲ್ಲಿ ಫಿನಾಮಿನಾಲಜಿಗೆ ವಿಶಿಷ್ಟ ಸ್ಥಾನವಿದೆ. ಎಡ್ಮಂಡ್ ಹುಸ್ಸರ್ಲ್ (1859–1938) ಅವರು ಇದನ್ನು ತತ್ತ್ವಮಾರ್ಗವಾಗಿ ರೂಪಿಸಿದರು. ಜನರ ಬಾಯಿಂದಲೇ ಅವರ ಅನುಭವವನ್ನು ಕೇಳಿ ವಿವೇಚಿಸುವ ಮನಶ್ಶಾಸ್ತ್ರೀಯ ವಿಧಾನವಾಗಿ ಅದು ಬೆಳೆದ ಮುಖ್ಯ ನೆಲೆ ಅಮೆರಿಕದ ಪಿಟ್ಸ್‌ಬರ್ಗಿನ ಡುಕೇನ್ ವಿಶ್ವವಿದ್ಯಾಲಯ. ಕ್ರೈಸ್ತ ಸಂನ್ಯಾಸಿಸಂಘವೊಂದು 1878ರಲ್ಲಿ ಸ್ಥಾಪಿಸಿದ ಆ ವಿದ್ಯಾಲಯದಲ್ಲಿ ಈ ಕಾರ್ಯಕ್ಕೆ ಮುಂದಾದವರು ಅದೇ ಸಂಘದ ಪಾದ್ರಿ ಏಡ್ರಿಯನ್ ವಾನ್ ಕಾಮ್ ಎಂಬುದು ಮಠದ ಆಶ್ರಯದಲ್ಲಿ ವಿದ್ಯೆ ಬೆಳೆದುದನ್ನು ಕಂಡವರಿಗೆ ಅಚ್ಚರಿಯ ಸಂಗತಿಯಲ್ಲ.

ವಾನ್ ಕಾಮ್ ಅವರು ಆರಿಸಿಕೊಂಡ ವಿಷಯ, ‘ತನ್ನನ್ನು ಇನ್ನೊಬ್ಬರು ನಿಜವಾಗಿ ಅರಿತರೆಂಬ ಭಾವ’. 365 ವಿದ್ಯಾರ್ಥಿಗಳಿಂದ ಅಂಥ ಅನುಭವದ ವರ್ಣನೆಯನ್ನು ಬರೆಯಿಸಿ, ಅದರ ವಿಶ್ಲೇಷಣೆಯನ್ನು 1959ರಲ್ಲಿ ಪ್ರಕಟಿಸಿದರು. ಪ್ರಶ್ನೆ ಬಹು ಸೊಗಸಾದುದು. ಆದರೆ ಯಾವ ಅಂಶವನ್ನು ಶೇಕಡಾ ಎಷ್ಟು ಮಂದಿ ಹೇಳಿದರೆಂಬ ಪಟ್ಟಿಯನ್ನೂ ಕೊಟ್ಟರು. ಹೊರಗಟ್ಟಿದ ಎಣಿಕೆ ಹಿತ್ತಲ ಬಾಗಿಲಿನಿಂದ ಒಳಬಂದಂತಾಯಿತು. ನೂರು ಮಂದಿ ಹೇಳದ ತಿರುಳನ್ನು ಒಬ್ಬನೇ ಹೇಳಿರಬಹುದಲ್ಲವೆ?

ಅಲ್ಲಿಯೇ ಅಧ್ಯಾಪಕರಾಗಿದ್ದ ಅಮೆಡಿಯೊ ಜಾರ್ಜಿ ಅವರು ಎಣಿಕೆಯನ್ನು ಕೈಬಿಟ್ಟರು. ವರ್ಣನೆಯನ್ನು ಇಡಿಯಾಗಿ ಓದಿ, ಅರ್ಥ ತಿರುಗುವಲ್ಲೆಲ್ಲ ವಿಂಗಡಿಸಿ, ಪ್ರತಿಯೊಂದು ಭಾಗದ ಮಾನಸಿಕ ಅರ್ಥವನ್ನು ಬಿಡಿಸಿ, ಅನುಭವದ ರಚನೆಯನ್ನು ಒಂದಾಗಿ ಕಾಣುವುದು ಅವರ ಕ್ರಮ. ಇದರ ಜೀವಾಳ ಹುಸ್ಸರ್ಲರ ‘ಎಪೊಖೆ’: ಸಂಶೋಧಕನು ತನ್ನ ಪೂರ್ವಕಲ್ಪನೆಗಳನ್ನೂ, ಕಂಡದ್ದು ಹೊರಗೆ ಇದೆಯೋ ಇಲ್ಲವೋ ಎಂಬ ತೀರ್ಪನ್ನೂ ತಡೆಹಿಡಿಯುವುದು. ಈ ಸಂಯಮವಿಲ್ಲದೆ ಹತ್ತು ಮಂದಿಯ ಸಂದರ್ಶನಗಳನ್ನು ಶೀರ್ಷಿಕೆಗಳ ಕೆಳಗೆ ಜೋಡಿಸಿದ ಪ್ರಬಂಧಕ್ಕೆ ಈ ಹೆಸರು ಸಲ್ಲದು.

ಭಕ್ತನು ಇಲ್ಲಿ ಅಳುಕುವುದು ಸಹಜ. ಶಿವಾನುಭವವನ್ನು ಹೇಳುವವನ ಮುಂದೆ ಕುಳಿತು ಶಿವನ ಇರವಿನ ಪ್ರಶ್ನೆಯನ್ನು ಬದಿಗಿಡುವುದು ನಾಸ್ತಿಕ್ಯವೆ? ಅಲ್ಲ. ನಾಸ್ತಿಕನು ಇಲ್ಲವೆಂದು ತೀರ್ಪು ಕೊಡುತ್ತಾನೆ. ಈ ವಿಧಾನ ಆ ತೀರ್ಪಿಗೂ ಎಡೆಗೊಡದು. ಲಿಂಗಾನುಸಂಧಾನದ ಅನುಭವವನ್ನು ಭ್ರಮೆಯೆಂದು ತಳ್ಳಿಹಾಕುವ ಆತುರಕ್ಕೆ ಇದು ತಡೆಯೇ ಸರಿ. (ಎಪೊಖೆಯೇ ನಮ್ಮ ಬಯಲು ಎಂದು ಹಿಗ್ಗುವ ಉತ್ಸಾಹವೂ ಬೇಡ.) ಆದರೆ ಅದೇ ಕಟ್ಟಳೆ ಭಕ್ತನಾದ ಸಂಶೋಧಕನಿಗೂ ಉಂಟು: ಷಟ್‌ಸ್ಥಲದ ಚೌಕಟ್ಟನ್ನು ಮೊದಲೇ ಹಿಡಿದು ಸಾಧಕನ ಮಾತನ್ನು ಅದರೊಳಗೆ ಕೂರಿಸುವಂತಿಲ್ಲ.

ತೊಡಕಿರುವುದು ಇಲ್ಲಿಯೇ. ಪೂರ್ವಗ್ರಹಿಕೆಯಿಲ್ಲದ ಅರಿವೇ ಇಲ್ಲವೆಂದು ಹೈಡೆಗರ್ 1927ರಲ್ಲಿಯೇ ವಾದಿಸಿದರು. ಬಾಲ್ಯದಿಂದ ಇಷ್ಟಲಿಂಗವನ್ನು ಧರಿಸಿ ಬೆಳೆದವನು ‘ಪ್ರಾಣಲಿಂಗಿ’ ಎಂಬ ಪದದಿಂದಲೇ ತನ್ನ ಅನುಭವವನ್ನು ಗುರುತಿಸಿದರೆ, ಆ ಪದ ಅನುಭವದ ಒಡಲಿನದು, ಅದನ್ನು ಕಳೆಯಬಾರದು. ಅವನು ಆಡದೆಯೇ ಸಂಶೋಧಕನು ಅದನ್ನು ಬರೆದುಕೊಂಡರೆ ಮಾತ್ರ ಹೊಡೆದುಹಾಕಬೇಕು.