ಲೆಕ್ಕಕ್ಕೆ ಸಿಗದ ಅಮ್ಮ

ವರ್ಷಕ್ಕೆ 32,000 ರೂಪಾಯಿ. ಕರ್ನಾಟಕದಲ್ಲಿ ಅಂಗವಿಕಲರ ಮಾಸಾಶನ ಬೇಕೆಂದರೆ ಕುಟುಂಬದ ಆದಾಯ ಇದನ್ನು ದಾಟಬಾರದು. ತಿಂಗಳಿಗೆ ಹಂಚಿದರೆ 2,667 ರೂಪಾಯಿ, ದಿನಕ್ಕೆ ಸುಮಾರು ಎಂಬತ್ತೆಂಟು. ಇಷ್ಟರಲ್ಲಿ ಬದುಕುವ ಕುಟುಂಬವನ್ನು ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಹುಡುಕಿದರೂ ಸಿಗದು. ಅಲ್ಲಿನ ತೂಬರಹಳ್ಳಿಯ ತಗಡಿನ ಶೆಡ್ಡಿನ ಬಾಡಿಗೆ, ನೀರಿನ ಕ್ಯಾನು, ಗ್ಯಾಸು ಅಂತ ಲೆಕ್ಕ ಹಾಕುವಷ್ಟರಲ್ಲಿ ಆ ದುಡ್ಡು ಮುಗಿದಿರುತ್ತದೆ. ಇನ್ನೂ ಒಂದು ತಮಾಷೆಯಿದೆ. ಗೃಹಲಕ್ಷ್ಮಿಯಡಿ ಸರ್ಕಾರವೇ ಮನೆಯೊಡತಿಗೆ ವರ್ಷಕ್ಕೆ 24,000 ಕೊಡುತ್ತದೆ. ಅದನ್ನೂ ಆದಾಯವೆಂದು ಹಿಡಿದರೆ ಮನೆಮಂದಿಯೆಲ್ಲ ಸೇರಿ ತಿಂಗಳಿಗೆ 667 ರೂಪಾಯಿಗಿಂತ ಹೆಚ್ಚು ದುಡಿಯುವಂತಿಲ್ಲ!

ಹಾಗಾದರೆ ಮಾಸಾಶನ ಪಡೆಯುತ್ತಿರುವವರೆಲ್ಲ ಯಾರು? ಎಲ್ಲರಿಗೂ ಗೊತ್ತಿರುವ ಗುಟ್ಟು ಇದು. ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ ಬರೆದ ಅಂಕಿಗೂ ಮನೆಯ ಸಂಪಾದನೆಗೂ ಸಂಬಂಧ ಇರುವುದಿಲ್ಲ. ಸುಳ್ಳು ಬರೆಸಿಕೊಳ್ಳುವ ಧೈರ್ಯ ಇದ್ದವರಿಗೆ, ಬರೆಸಿಕೊಡುವ ಪರಿಚಯ ಇದ್ದವರಿಗೆ ಸಿಗುತ್ತದೆ; ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದು, ರೇಷನ್ ಕಾರ್ಡನ್ನು ಊರಲ್ಲೇ ಬಿಟ್ಟವರಿಗೆ ಸಿಗುವುದಿಲ್ಲ. ನಿಜ ಹೇಳಿದರೆ ತಪ್ಪಿಹೋಗುವ ಸವಲತ್ತಿಗೆ ಬಡವರ ಪರ ಎಂಬ ಹೆಸರು ಒಪ್ಪುವುದಿಲ್ಲ.

ಇನ್ನು ಆ ಶೆಡ್ಡಿರುವ ರಸ್ತೆಯದೇ ಅಪಾರ್ಟ್‌ಮೆಂಟಿನ ಹದಿನಾಲ್ಕನೇ ಮಹಡಿಯನ್ನು ನೋಡಿ. ಅಲ್ಲಿನ ಸಾಫ್ಟ್‌ವೇರ್ ದಂಪತಿಗೆ ಆಟಿಸಂ ಇರುವ ಮಗನಿದ್ದಾನೆ ಎಂದಿಟ್ಟುಕೊಳ್ಳಿ. ಇವರಿಗೆ ಮಾಸಾಶನ ಬೇಡ, ಇವರು ಕೇಳುವುದೂ ಇಲ್ಲ. ಇವರಿಗಾಗಿ ಇದ್ದದ್ದು ಆದಾಯ ತೆರಿಗೆ ಕಾಯ್ದೆಯ 80ಡಿಡಿ ಕಲಂ. ಶೇ. 40ರಷ್ಟು ವೈಕಲ್ಯವಿದ್ದರೆ 75,000, ಶೇ. 80 ಮುಟ್ಟಿದರೆ 1,25,000 ರೂಪಾಯಿ ಆದಾಯಕ್ಕೆ ತೆರಿಗೆ ಇಲ್ಲ. ಥೆರಪಿಯ ರಸೀದಿಗಳನ್ನು ಗುಡ್ಡೆ ಹಾಕಬೇಕಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿಯಾದರೆ 10-ಐಎ ನಮೂನೆಯಲ್ಲಿ ವೈದ್ಯರ ಸಹಿ ಸಾಕು. ಶೇ. 30ರ ಸ್ಲ್ಯಾಬಿನಲ್ಲಿರುವ ತಂದೆಗೆ ಸೆಸ್ ಸೇರಿ 39,000 ರೂಪಾಯಿವರೆಗೆ ಉಳಿಯುತ್ತಿತ್ತು. ಆದರೆ 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಮೊದಲ ಆಯ್ಕೆಯಾಯಿತು, ಅದರಲ್ಲಿ 80ಡಿಡಿ ಇಲ್ಲ. ಹಳೆಯ ಪದ್ಧತಿಯನ್ನು ಬೇಕಾದರೆ ಆರಿಸಿಕೊಳ್ಳಬಹುದು, ನಿಜ. ಆದರೆ ಗೃಹಸಾಲವೋ ಬೇರೆ ದೊಡ್ಡ ವಿನಾಯಿತಿಯೋ ಇಲ್ಲದ ಬಹುಪಾಲು ಸಂಬಳದಾರರಿಗೆ ಹೊಸದೇ ಅಗ್ಗ. ಪರಿಣಾಮ ಏನೆಂದರೆ, ಒಂದೇ ಸಂಬಳದ ಇಬ್ಬರು ಸಹೋದ್ಯೋಗಿಗಳಲ್ಲಿ ಒಬ್ಬರ ಮನೆಯಲ್ಲಿ ತಿಂಗಳಿಡೀ ಥೆರಪಿಯ ಖರ್ಚಿದ್ದರೂ ಇಬ್ಬರೂ ಕಟ್ಟುವ ತೆರಿಗೆ ಒಂದೇ.

80ಡಿಡಿಯನ್ನು ಹೊಗಳಲೂ ನನಗೆ ಮನಸ್ಸಿಲ್ಲ. ಹೆಚ್ಚು ದುಡಿಯುವವರಿಗೆ ಹೆಚ್ಚು ಉಳಿಸಿ, ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದವರಿಗೆ ಸೊನ್ನೆ ಕೊಡುವ ನೆರವು ಅದು. ಆ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಲ್ಲುವ ಸೆಕ್ಯೂರಿಟಿಯವನ ಮಗಳಿಗೂ ಅದೇ ತೊಂದರೆಯಿದ್ದರೆ ಅವನಿಗೆ ಅದರಿಂದ ಚಿಕ್ಕಾಸೂ ಇಲ್ಲ. ಅವನು ಮಾಸಾಶನಕ್ಕೆ ಶ್ರೀಮಂತ, ತೆರಿಗೆ ವಿನಾಯಿತಿಗೆ ಬಡವ. ಗೇಟಿನ ಒಳಗಿನ ಕುಟುಂಬ, ಹೊರಗಿನ ಕುಟುಂಬ ಎರಡೂ ಬೇರೆ ಬೇರೆ ಬಾಗಿಲಲ್ಲಿ ನಿಂತು ಬರಿಗೈಲಿ ಮರಳುತ್ತವೆ.

ಮಾಸಾಶನದ ಮೊತ್ತವನ್ನೂ ಒಮ್ಮೆ ನೋಡೋಣ. 2021ರ ಜುಲೈನಲ್ಲಿ ಮುಖ್ಯಮಂತ್ರಿಯಾದ ದಿನವೇ ಬಸವರಾಜ ಬೊಮ್ಮಾಯಿ ವೃದ್ಧರ ಮಾಸಾಶನವಾದ ಸಂಧ್ಯಾ ಸುರಕ್ಷೆಯನ್ನು 1,000ದಿಂದ 1,200ಕ್ಕೆ, ಶೇ. 40ರಿಂದ 75ರೊಳಗಿನ ಅಂಗವಿಕಲರ ಮಾಸಾಶನವನ್ನು 600ರಿಂದ 800ಕ್ಕೆ ಏರಿಸಿದರು. ಒಳ್ಳೆಯದೇ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಂ, ಬೇರೆಯವರಿಗೆ ಇರುವ ಇಂಥದೇ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ ಶೇ. 25ರಷ್ಟು ಹೆಚ್ಚು ಕೊಡಬೇಕು ಎನ್ನುತ್ತದೆ. 1,200ಕ್ಕೆ ಕಾಲು ಪಾಲು ಸೇರಿಸಿದರೆ 1,500. ಕೊಟ್ಟದ್ದು 800. ಶೇ. 75 ಮೀರಿದವರಿಗೆ ಇರುವ 1,400 ಕೂಡ ಆ ಗೆರೆ ಮುಟ್ಟುವುದಿಲ್ಲ. ವೈಟ್‌ಫೀಲ್ಡ್‌ನ ಖಾಸಗಿ ಸೆಂಟರಿನಲ್ಲಿ ಮುಕ್ಕಾಲು ಗಂಟೆಯ ಒಂದು ಸ್ಪೀಚ್ ಥೆರಪಿಗೆ ಸಾವಿರದ ಆಸುಪಾಸು ಶುಲ್ಕ. ತಿಂಗಳ 800 ರೂಪಾಯಿ ಒಂದು ಸೆಷನ್ನಿಗೂ ಸಾಲದು. ವಾರಕ್ಕೆ ಎರಡು ಮೂರು ಸೆಷನ್ ಬೇಕು.

ಇದೆಲ್ಲದರ ಕೀಲಿಕೈ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು, ಅದರ ಮೇಲಿನ ಪರ್ಸೆಂಟೇಜು. ಥೆರಪಿ ಸೆಂಟರಿನ ಬೆಂಚಿನ ಮೇಲೆ ಕೂತ ಅಮ್ಮಂದಿರು ಮಗುವಿನ ಹೆಸರಿಗಿಂತ ಮೊದಲು ‘ಎಷ್ಟು ಪರ್ಸೆಂಟ್ ಬಂತು?’ ಎಂದು ಕೇಳಿಕೊಳ್ಳುತ್ತಾರೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನದ ಹಾಗೆ. ಡಾಕ್ಟರ ಬಾಯಲ್ಲಿ ಕಡಿಮೆ ಬರಲಿ, ಕಾಗದದಲ್ಲಿ ಹೆಚ್ಚು ಬರಲಿ ಎಂದು ಏಕಕಾಲಕ್ಕೆ ಹಾರೈಸಬೇಕಾದ ವಿಚಿತ್ರ ಅವಸ್ಥೆ ಅವರದು. ಆಟಿಸಂಗೆ ಬಳಸುವ ಐಎಸ್‌ಎಎ ಮಾಪಕದಲ್ಲಿ 40 ಅಂಶಗಳಿವೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನಾ, ಕೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾನಾ ಎಂದೆಲ್ಲ ಅಳೆಯುತ್ತದೆ. ಮಗುವನ್ನು ಅಳೆಯಲು ಅದು ಸಾಕಿರಬಹುದು. ಆ ಮಗುವಿನ ಜೊತೆ ಯಾರೋ ಒಬ್ಬರು ಹಗಲು ರಾತ್ರಿ ಇರಲೇಬೇಕು, ಆ ಒಬ್ಬರು ಕೆಲಸ ಬಿಡಲೇಬೇಕು ಎನ್ನುವುದು ಯಾವ ಮಾಪಕದಲ್ಲೂ ಇಲ್ಲ. ನನ್ನ ಮುಖ್ಯ ತಕರಾರು ಇಲ್ಲೇ: ನಮ್ಮ ನೆರವೆಲ್ಲ ಮಗುವಿನ ಕೊರತೆಯನ್ನು ಎಣಿಸುತ್ತದೆ, ಮನೆಯವರು ಕಳೆದುಕೊಳ್ಳುವ ದುಡಿಮೆಯನ್ನು ಎಣಿಸುವುದಿಲ್ಲ. ಕಳೆದುಕೊಳ್ಳುವುದು ಬಹುತೇಕ ತಾಯಿ. ಮೇಲಿನ ಮಹಡಿಯಲ್ಲಿ ಆಕೆ ಟೆಸ್ಟಿಂಗ್ ಲೀಡ್ ಹುದ್ದೆ ಬಿಟ್ಟಿರುತ್ತಾಳೆ. ತೂಬರಹಳ್ಳಿಯಲ್ಲಿ ನಾಲ್ಕು ಮನೆಯ ಕೆಲಸದಲ್ಲಿ ಮೂರನ್ನು.

ಶಾಲೆಯಾದರೂ ಆಕೆಗೆ ಆರು ಗಂಟೆಯ ಬಿಡುವು ಕೊಡುತ್ತದೆಯೇ? ಕಾಗದದ ಮೇಲೆ ಹಕ್ಕು ಗಟ್ಟಿಯಾಗಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಗು ನೆರೆಹೊರೆಯ ಶಾಲೆಯಲ್ಲೋ ತಾನು ಬಯಸಿದ ವಿಶೇಷ ಶಾಲೆಯಲ್ಲೋ ಉಚಿತವಾಗಿ ಕಲಿಯಬಹುದು. 2012ರ ತಿದ್ದುಪಡಿ ಈ ಮಕ್ಕಳನ್ನು ಆರ್‌ಟಿಇಯ ‘ಅವಕಾಶವಂಚಿತ’ರ ಸಾಲಿಗೂ ಸೇರಿಸಿತು; ಅಂದರೆ ಖಾಸಗಿ ಶಾಲೆಯ ಶೇ. 25 ಸೀಟುಗಳಲ್ಲಿ ಪಾಲು. ಆದರೆ ಕರ್ನಾಟಕ 2018ರ ಕೊನೆಗೆ ನಿಯಮ ಬದಲಿಸಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟಿಲ್ಲ ಎಂದಿತು. ಸರ್ಕಾರಿ ಶಾಲೆ ಉಳಿಯಬೇಕೆಂಬ ವಾದ ನನಗೂ ಒಪ್ಪಿಗೆ. ಹಾಗಾದರೆ ಅಲ್ಲಿ ಸ್ಪೆಷಲ್ ಎಜುಕೇಟರ್ ಇರಬೇಕಲ್ಲ? ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರಲ್ಲೇ ಸುಪ್ರೀಂ ಕೋರ್ಟ್ ಪ್ರಾಥಮಿಕದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬರು ವಿಶೇಷ ಶಿಕ್ಷಕರು ಬೇಕೆಂದು ಹೇಳಿತು. ಹುದ್ದೆಗಳನ್ನು ಗುರುತಿಸಿ ತುಂಬಿ ಎಂದು 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ನಮ್ಮಲ್ಲಿ ಸದ್ಯ ಈ ಹೊರೆ ಹೊತ್ತವರು ಬಿಐಇಆರ್‌ಟಿಗಳು, ಅಂದರೆ ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು. ಬ್ಲಾಕಿಗೆ ಬೆರಳೆಣಿಕೆಯಷ್ಟಿರುವ ಅವರು ಶಾಲೆಯಿಂದ ಶಾಲೆಗೆ ಓಡಾಡಬೇಕು. ಸಮಗ್ರ ಶಿಕ್ಷಣದಲ್ಲಿ ಇಂಥ ಒಂದು ಮಗುವಿಗೆ ವರ್ಷಕ್ಕೆ ಲೆಕ್ಕ ಹಾಕಿರುವುದು 3,500 ರೂಪಾಯಿ, ಹೆಣ್ಣುಮಗುವಾದರೆ ಹತ್ತು ತಿಂಗಳು ತಲಾ 200 ರೂಪಾಯಿ ಸ್ಟೈಪೆಂಡ್.

ಖಾಸಗಿ ಶಾಲೆಗಳ ಕಥೆ ಬೇರೆ. ಬ್ರೋಷರಿನಲ್ಲಿ ‘ಇನ್‌ಕ್ಲೂಸಿವ್’ ಎಂದಿರುತ್ತದೆ. ಅಡ್ಮಿಷನ್ ಆದಮೇಲೆ ‘ಶ್ಯಾಡೋ ಟೀಚರನ್ನು ನೀವೇ ನೋಡಿಕೊಳ್ಳಿ’ ಎನ್ನುತ್ತಾರೆ. ಶಾಲೆಯ ಫೀಸು ಒಂದು, ಪಕ್ಕದಲ್ಲಿ ಕೂರುವವರ ಸಂಬಳ ಇನ್ನೊಂದು. ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಂ ಮಗುವಿಗೆ ಬೇಕಾದ ಅನುಕೂಲ ಒದಗಿಸುವ ಹೊಣೆಯನ್ನು ಶಾಲೆಯ ಮೇಲೆ ಹಾಕಿದೆ, ಅದು ಬಂದು ಕೂತದ್ದು ಪಾಲಕರ ಹೆಗಲ ಮೇಲೆ. ಇದರ ಜೊತೆಗೆ, ಇಂಗ್ಲಿಷಿನಲ್ಲಿ ಥೆರಪಿ ನಡೆಯುವುದರಿಂದ ಮನೆಯಲ್ಲೂ ಅದನ್ನೇ ಆಡಿ ಎಂಬ ಸಲಹೆ ಬರುವುದುಂಟು. ಎರಡು ಭಾಷೆ ಕೇಳಿದರೆ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಸಂಶೋಧನೆಗಳ ಬೆಂಬಲವಿಲ್ಲ. ಅಜ್ಜಿಗೆ ಮಾತ್ರ ಮೊಮ್ಮಗನೊಡನೆ ಆಡಲು ಮಾತೇ ಇಲ್ಲದಂತಾಗುತ್ತದೆ.

ವೈಟ್‌ಫೀಲ್ಡ್ ಎಂದಮೇಲೆ ಸಿಎಸ್‌ಆರ್ ಮಾತು ಬರಲೇಬೇಕು. ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಎನ್ನುವ 2013ರ ಕಂಪನಿ ಕಾಯ್ದೆಯ ಪಟ್ಟಿಯಲ್ಲಿ ವಿಶೇಷ ಶಿಕ್ಷಣವೂ ಇದೆ, ದುಡ್ಡೂ ಬರುತ್ತದೆ. ಆದರೆ ‘ನಡೆಯುತ್ತಿರುವ ಯೋಜನೆ’ಯೆಂದು ಹೆಸರಿಸಿದರೂ ಶುರುವಾದ ವರ್ಷ ಬಿಟ್ಟು ಮೂರು ವರ್ಷದ ಮಿತಿ. ಫಲಕ ಹಚ್ಚಬಹುದಾದ ವ್ಯಾನು, ಸೆನ್ಸರಿ ರೂಮು ಸುಲಭ. ಹತ್ತು ವರ್ಷ ಅದೇ ಮಗುವಿಗೆ ಕಲಿಸುವ ಶಿಕ್ಷಕಿಯ ಸಂಬಳ ಕಷ್ಟ. ಕಂಪನಿಗಳು ಇಂಥ ಪಾಲಕರಿಗೆ ನೆರವಾಗುವ ಕೆಲಸವನ್ನು ತಮ್ಮ ಕಚೇರಿಯೊಳಗೇ ಶುರುಮಾಡಬಹುದಿತ್ತು. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 730 ದಿನಗಳ ಮಕ್ಕಳ ಆರೈಕೆ ರಜೆ ಇದೆ, ಅಂಗವಿಕಲ ಮಗುವಾದರೆ ವಯಸ್ಸಿನ ಮಿತಿಯಿಲ್ಲ. ಇಂಥದೇ ರಜೆ ಕೇಳಿದ್ದ ಹಿಮಾಚಲದ ಸರ್ಕಾರಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕಿಯೊಬ್ಬರ ಪ್ರಕರಣದಲ್ಲಿ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಹೆಣ್ಣುಮಕ್ಕಳು ಕೆಲಸದಲ್ಲಿ ಉಳಿಯುವುದು ಸಂವಿಧಾನದ ಅಗತ್ಯ ಎಂದಿತು. ವೈಟ್‌ಫೀಲ್ಡ್‌ನ ಐಟಿಪಿಎಲ್ ಟೆಕ್ ಪಾರ್ಕಿನ ಖಾಸಗಿ ಕಂಪನಿಗೆ ಅಂಥ ಕಟ್ಟಳೆಯಿಲ್ಲ. ಅಲ್ಲಿ ಎಲ್ಲವೂ ಮ್ಯಾನೇಜರನ ಮರ್ಜಿ.

ಇಷ್ಟೆಲ್ಲದರ ನಡುವೆ ಒಂದೇ ಒಂದು ಸರಿಯಾದ ಹೆಜ್ಜೆ ಕಾಣುತ್ತದೆ. 2024-25ರ ರಾಜ್ಯ ಬಜೆಟ್ಟಿನಲ್ಲಿ ಸಿದ್ದರಾಮಯ್ಯ, ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಪ್ರಕಟಿಸಿದರು. ಮೊತ್ತ ಚಿಕ್ಕದು, ವಿಚಾರ ದೊಡ್ಡದು: ನೋಡಿಕೊಳ್ಳುವುದೂ ದುಡಿಮೆಯೇ ಎಂದು ಸರ್ಕಾರದ ಕಡತ ಒಪ್ಪಿಕೊಂಡಿತು. ಆದರೆ ಪಟ್ಟಿಯಲ್ಲಿದ್ದದ್ದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್. ಕೊನೆಯ ಎರಡು ಹೆಚ್ಚಾಗಿ ದೊಡ್ಡವರ ಕಾಯಿಲೆಗಳು. ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ರಾತ್ರಿಯಿಡೀ ಎಚ್ಚರವಿರುವ ಆಟಿಸಂ ಮಗುವಿನ ತಾಯಿ, ಬುದ್ಧಿಮಾಂದ್ಯ ಮಗುವಿನ ತಾಯಿ ಈ ಪಟ್ಟಿಯ ಹೊರಗೆ.

ಹೊಸ ಯೋಜನೆಗೆ ಹೊಸ ಹೆಸರು ಹುಡುಕುವ ಅಗತ್ಯವಿಲ್ಲ. ಈ ಭತ್ಯೆಯನ್ನೇ ಸದಾ ಒಬ್ಬರ ಆಸರೆ ಬೇಕಾದ ಎಲ್ಲ ಮಕ್ಕಳ ಮನೆಗೂ ವಿಸ್ತರಿಸಿ, ಮಕ್ಕಳ ಮಟ್ಟಿಗಾದರೂ ಮಾಸಾಶನದ 32,000ದ ಮಿತಿಯನ್ನು ಕಿತ್ತುಹಾಕಿ, ಕಾಯ್ದೆ ಹೇಳಿದ ಶೇ. 25ನ್ನು ಸೇರಿಸಿಕೊಡಿ. ಮುಂದಿನ ಬಜೆಟ್ ಪುಸ್ತಕದಲ್ಲಿ ಈ ಮೂರು ಸಾಲು ಇವೆಯೇ ಎಂದು ವೈಟ್‌ಫೀಲ್ಡ್ ಸೇರಿದ ಮಹದೇವಪುರ ಕ್ಷೇತ್ರದ ಮತದಾರರು ತಮ್ಮ ಶಾಸಕರನ್ನು ಕೇಳಬೇಕು, ಗೇಟಿನ ಒಳಗಿರುವವರೂ ಹೊರಗಿರುವವರೂ ಒಟ್ಟಾಗಿ.