ತೊಟ್ಟಿಲನ್ನು ಹೊಗಳಿದೆವು, ಯಂತ್ರವನ್ನು ಮರೆತೆವು

ಧಾರವಾಡ ಜಿಲ್ಲೆಯ ಕಲಘಟಗಿ ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ಸಾಗುವಾನಿ ಮರ, ಅರಗಿನ ಹೊಳಪು, ಪುರಾಣದ ಚಿತ್ರ - ಇವುಗಳ ಬಗ್ಗೆ ಲೇಖನಗಳು ಬರುತ್ತಲೇ ಇವೆ. ಆದರೆ ತೊಟ್ಟಿಲಿನ ಗುಂಡುಕಂಬಗಳನ್ನು ಕಡೆದ ಯಂತ್ರ ಯಾವುದು ಎಂದು ಕೇಳುವವರು ವಿರಳ. ‘ನೂರಾರು ವರ್ಷಗಳ ಪುರಾತನ ಕಲೆ’ ಎಂಬಲ್ಲಿಗೆ ಬರಹ ಮುಗಿಯುತ್ತದೆ. ಇದು ಹೊಗಳಿಕೆಯೇ ಹೊರತು ದಾಖಲೆಯಲ್ಲ.

ಉತ್ತರದ ಸುಳಿವು ಮರದಲ್ಲೇ ಇರುತ್ತದೆ. ಹಗ್ಗ ಅಥವಾ ಬಿಲ್ಲಿನಿಂದ ನಡೆಯುವ ಕೈಲೇತ್‌ನಲ್ಲಿ ಮರವು ಎರಡು ಸ್ಥಿರ ಮೊನೆಗಳ ನಡುವೆ ಹಿಂದಕ್ಕೂ ಮುಂದಕ್ಕೂ ತಿರುಗುತ್ತದೆ. ಉಳಿ ಕೊರೆಯುವುದು ಒಂದು ದಿಕ್ಕಿನಲ್ಲಿ ಮಾತ್ರ. ಆದ್ದರಿಂದ ಕಂಬದ ಎರಡೂ ತುದಿಗಳಲ್ಲಿ ಒಂದೊಂದು ಕುಳಿ ಉಳಿಯುತ್ತದೆ. ಮೋಟಾರು ಲೇತ್‌ನಲ್ಲಾದರೆ ಮರವನ್ನು ಹಿಡಿದು ತಿರುಗಿಸುವ ಹಲ್ಲುಗಳ ಗುರುತು ಒಂದು ತುದಿಯಲ್ಲಿ ಕಾಣಬಹುದು. ಹಾಗೆಯೇ ಹಲಗೆಯ ಮೇಲಿನ ಬಿಲ್ಲಿನಾಕಾರದ ಗೀರು ವೃತ್ತಗರಗಸದ್ದು. ಓರೆಕೋರೆಯಾದ, ಅಂತರ ಸಮವಿಲ್ಲದ ಗೀರು ಕೈಗರಗಸದ್ದು. ತುದಿ ಕತ್ತರಿಸಿದ್ದರೆ, ಮೈ ಕೀಸಿದ್ದರೆ ಈ ಸಾಕ್ಷ್ಯ ಅಳಿಸಿರುತ್ತದೆ. ಒಂದೇ ಗುರುತನ್ನು ನಂಬಿ ತೀರ್ಪು ಕೊಡಬಾರದು.

ಕಬ್ಬಿಣದ ಯಂತ್ರಗಳ ವಿಷಯದಲ್ಲಿ ಇನ್ನೊಂದು ತಪ್ಪು ನಡೆಯುತ್ತದೆ. ಬ್ರಿಟನ್ನಿನ ವಿಟ್‌ವರ್ತ್ 1841ರಲ್ಲಿ ಸೂಚಿಸಿದ ತಿರುಪಿನ ಕೋನ 55 ಡಿಗ್ರಿ. ಮೆಟ್ರಿಕ್ ತಿರುಪಿನದು 60 ಡಿಗ್ರಿ. 55 ಡಿಗ್ರಿ ಕಂಡೊಡನೆ ‘ಬ್ರಿಟಿಷರ ಕಾಲದ್ದು’ ಎನ್ನುವವರಿದ್ದಾರೆ. ಭಾರತದಲ್ಲಿ ಮೆಟ್ರಿಕ್ ಅಳತೆಯ ಕಾಯಿದೆ ಬಂದದ್ದು 1956ರಲ್ಲಿ. ಆ ಬಳಿಕವೂ ಇಂಚಿನ ತಿರುಪುಗಳು ತಯಾರಾದವು. ತಿರುಪು ಪದ್ಧತಿಯನ್ನು ತಿಳಿಸುತ್ತದೆ, ಇಸವಿಯನ್ನಲ್ಲ. ಚೌಕಟ್ಟು ಒಂದು ಕಾಲದ್ದು, ಮೋಟಾರು ಇನ್ನೊಂದು ಕಾಲದ್ದು ಆಗಿರಬಹುದು. ಪ್ರತಿ ಭಾಗವನ್ನೂ ಬೇರೆಯಾಗಿ ಬರೆದಿಡಬೇಕು. ಪ್ರದರ್ಶನಕ್ಕೆಂದು ಉಜ್ಜಿ ಬಣ್ಣ ಬಳಿದರಂತೂ ಎರಕದ ಅಕ್ಷರಗಳೂ ಸವೆತದ ಗುರುತುಗಳೂ ಮುಚ್ಚಿಹೋಗುತ್ತವೆ.

ಕೆಲಸ ತುರ್ತಿನದು. ಮುರಿದ ಮರದ ಲೇತ್ ಒಲೆಗೆ ಹೋಗುತ್ತದೆ, ಕಬ್ಬಿಣದ ಯಂತ್ರ ಗುಜರಿಗೆ. ಅದರ ಭಾಗಗಳ ಊರಮಾತಿನ ಹೆಸರುಗಳು ಹಿರಿಯ ಬಡಿಗರೊಂದಿಗೇ ಹೋಗುತ್ತವೆ. ಕಲಘಟಗಿ, ಕುಂದಗೋಳ, ನವಲಗುಂದ, ಅಣ್ಣಿಗೇರಿಯ ಶಾಲೆಗಳಿಗೆ ಇದು ಒಳ್ಳೆಯ ಯೋಜನಾ ಕಾರ್ಯ. ಬೇಕಾದದ್ದು ಅಳತೆಪಟ್ಟಿ, ಕ್ಯಾಮೆರಾ, ನೋಟ್‌ಬುಕ್ ಅಷ್ಟೆ. ಫೋಟೋದಲ್ಲಿ ಅಳತೆಪಟ್ಟಿ ಕಾಣುವಂತಿರಲಿ. ಪುಟದಲ್ಲಿ ಎರಡು ಕಲಂ ಮಾಡಿಸಿ: ‘ಕಂಡದ್ದು’, ‘ಊಹಿಸಿದ್ದು’. ಯಂತ್ರದ ವಯಸ್ಸು ಸಾಮಾನ್ಯವಾಗಿ ಎರಡನೆಯ ಕಲಂನಲ್ಲೇ ಉಳಿಯುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.