ಸೇಬಾಲ್ಡರ ‘ಆಸ್ಟರ್ಲಿಟ್ಸ್’: ಒಂದು ವಿಮರ್ಶೆ

ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ, ೧೯೩೮ನೆಯ ಡಿಸೆಂಬರಿನಿಂದ ೧೯೩೯ನೆಯ ಸೆಪ್ಟೆಂಬರಿನವರೆಗೆ, ಜರ್ಮನಿ, ಆಸ್ಟ್ರಿಯ, ಚೆಕೊಸ್ಲೊವಾಕಿಯ ಸೀಮೆಗಳಿಂದ ಸುಮಾರು ೧೦,೦೦೦ ಮಕ್ಕಳನ್ನು, ಬಹುಮಟ್ಟಿಗೆ ಯೆಹೂದ್ಯರ ಮಕ್ಕಳನ್ನು, ತಾಯಿತಂದೆಗಳ ಜೊತೆಯಿಲ್ಲದೆ ಬ್ರಿಟನ್ನಿಗೆ ಸಾಗಿಸಿದರು. ಕಳುಹಿಸಿಕೊಟ್ಟವರಲ್ಲಿ ಅನೇಕರು ಮರಳಿ ತಮ್ಮ ಮಕ್ಕಳ ಮುಖವನ್ನು ಕಾಣಲಿಲ್ಲ. ಆ ಮಕ್ಕಳು ತಲೆ ನರೆತ ಮೇಲೂ ತಮ್ಮವರನ್ನು ಅರಸಿದ ವೃತ್ತಾಂತದಿಂದ ಹುಟ್ಟಿದ ಕಾದಂಬರಿಗಳಲ್ಲಿ ೨೦೦೧ರಲ್ಲಿ ಪ್ರಕಟವಾದ ಡಬ್ಲ್ಯು. ಜಿ. ಸೇಬಾಲ್ಡರ ಜರ್ಮನ್ ಕಾದಂಬರಿ ‘ಆಸ್ಟರ್ಲಿಟ್ಸ್’ ಹೆಸರಾದುದು. ಅದನ್ನು ಹೊಗಳಿದವರು ಬಹುಮಂದಿ. ಆ ಹೊಗಳಿಕೆ ಬಹ್ವಂಶ ನ್ಯಾಯವೇ. ಆದರೂ ನಮಗೆ ತೋರಿದ ಕೊರತೆಯೊಂದನ್ನು ವಾಚಕರ ಮುಂದಿಡಬೇಕಾಗಿದೆ.

ಕಥಾನಾಯಕನು ನಾಲ್ಕೂವರೆ ವರ್ಷದ ಮಗುವಾಗಿದ್ದಾಗ ಪ್ರಾಗಿನಿಂದ ಹೊರಟು, ವೇಲ್ಸಿನ ಬಾಲಾ ಎಂಬ ಊರಿನ ಪಾದ್ರಿಯೊಬ್ಬನ ಮನೆಯಲ್ಲಿ ಬೇರೊಂದು ಹೆಸರಿನಿಂದ ಬೆಳೆಯುತ್ತಾನೆ. ನಿಜವಾದ ಹೆಸರು ತಿಳಿಯುವುದು ಪಾಠಶಾಲೆಯಲ್ಲಿ, ಪರೀಕ್ಷೆಯ ಕಾಗದದ ಮೇಲೆ ಅದನ್ನು ಬರೆಯಬೇಕಾಗಿ ಬಂದಾಗ. ಮಿಕ್ಕುದನ್ನು ಅವನು ಐವತ್ತು ದಾಟಿದ ಮೇಲೆ ಹುಡುಕುತ್ತಾನೆ. “ಎಂದು ಆಸ್ಟರ್ಲಿಟ್ಸ್ ಹೇಳಿದನು” ಎಂಬುದು ಗ್ರಂಥದುದ್ದಕ್ಕೂ ಮರಳಿ ಮರಳಿ ಬರುತ್ತದೆ. ವೈಶಂಪಾಯನನು ಜನಮೇಜಯನಿಗೆ ಹೇಳಿದ ಕ್ರಮಕ್ಕೆ ಒಗ್ಗಿದ ನಮ್ಮವರಿಗೆ ಇದು ತೊಡಕೆನಿಸದು.

ಪ್ರಾಗಿನ ದಫ್ತರಖಾನೆಯ ವಹಿಯಿಂದ ಅವನಿಗೆ ದೊರೆಯುವುದು ಒಂದು ವಿಳಾಸ ಮಾತ್ರ. ಆ ಕಟ್ಟಡದಲ್ಲಿ ಬಾಗಿಲು ತೆರೆಯುವವಳು ವೇರಾ: ಅವನ ತಾಯಿ ಅಗಾಟಳ ಗೆಳತಿ, ಅವನನ್ನು ಎತ್ತಿ ಆಡಿಸಿದವಳು. ಫ್ರೆಂಚಿನಲ್ಲಿ ಮಾತನಾಡುತ್ತಿದ್ದವಳು ಚೆಕ್ ನುಡಿಗೆ ತಿರುಗಿದಾಗ, ಅರ್ಧ ಶತಮಾನ ಮರೆತಿದ್ದ ಆ ನುಡಿ ಅವನಿಗೆ ಅರ್ಥವಾಗುತ್ತದೆ. ಇಡೀ ಗ್ರಂಥದಲ್ಲಿ ಇದಕ್ಕಿಂತ ಹೃದ್ಯವಾದ ಸನ್ನಿವೇಶವಿಲ್ಲ. ಶಾಕುಂತಲದಲ್ಲಿ ಉಂಗುರವನ್ನು ಕಂಡೊಡನೆ ದುಷ್ಯಂತನಿಗೆ ನೆನಪು ಮರಳುತ್ತದೆ. ಇಲ್ಲಿಯಾದರೋ ವಸ್ತುವಿನಿಂದಲೇ ಅಭಿಜ್ಞಾನವು ಸಿದ್ಧಿಸದು. ತೆರೆಸಿಯನ್‌ಸ್ಟಾಟ್ ಶಿಬಿರದಲ್ಲಿ ನಾಜಿಗಳು ತೆಗೆಸಿದ್ದ ಪ್ರಚಾರದ ಚಲಚ್ಚಿತ್ರವನ್ನು ನಿಧಾನವಾಗಿ ಓಡಿಸಿ, ಅಲ್ಲಿಯ ಒಂದು ಮುಖವನ್ನು ಅವನು ತಾಯಿಯದೆಂದು ಭಾವಿಸುತ್ತಾನೆ. ವೇರಾ ಅಲ್ಲವೆಂದು ತಲೆಯಾಡಿಸುತ್ತಾಳೆ. ಆಮೇಲೆ ರಂಗಭೂಮಿಯ ಹಳೆಯ ಕಡತಗಳಲ್ಲಿ ಹೆಸರಿಲ್ಲದ ನಟಿಯೊಬ್ಬಳ ಛಾಯಾಚಿತ್ರ ಸಿಕ್ಕಲು, ಇವಳೇ ಅಗಾಟ ಎಂದು ನಿಸ್ಸಂದೇಹವಾಗಿ ಗುರುತಿಸುವವಳೂ ಅವಳೇ. ಪ್ರಮಾಣವಿಚಾರದಲ್ಲಿ ಆಸಕ್ತರಾದವರು ಈ ಭಾಗವನ್ನು ಎರಡು ಸಲ ಓದಬೇಕು. ಕಾಗದಪತ್ರಗಳು ದಾರಿ ತೋರಿದುವೇ ಹೊರತು, ಸಾಕ್ಷ್ಯ ನುಡಿದುದು ಬದುಕಿ ಉಳಿದವಳ ನೆನಪು.

ಕೊರತೆಯೂ ಇಲ್ಲಿಯೇ. ವೇರಾಳ ಮನೆಯಲ್ಲಿ ಸಾಮಾನುಗಳು ಕೂಡ ಅಂದು ಇದ್ದಲ್ಲಿಯೇ ಇವೆ. ಅವಳ ನೆನಪಿಗೆ ಮರೆವಿನ ಸೋಂಕೇ ಇಲ್ಲವೆನ್ನುವಂತಿದೆ. ನಾಜಿಗಳ ಆಳ್ವಿಕೆಯನ್ನೂ ಅನಂತರ ೧೯೪೮ರಿಂದ ೧೯೮೯ರವರೆಗಿನ ಕಮ್ಯೂನಿಸ್ಟರ ಆಡಳಿತವನ್ನೂ ಕಂಡ ಹೆಂಗಸಿನ ಸ್ವಂತ ಬಾಳಿಗೆ ಗ್ರಂಥಕರ್ತರು ಕೊಟ್ಟಿರುವ ಸ್ಥಳ ಅತ್ಯಲ್ಪ. ಅಗಲಿ ಹೋದವನಿಗೆ ಕಾಲ ಕಳೆದಂತೆ ಉಳಿದವಳಿಗೂ ಕಳೆದಿರಬೇಕಲ್ಲವೆ? ಅರಸಿ ಬರುವವನಿಗಾಗಿಯೇ ಅವಳನ್ನು ಭದ್ರಪಡಿಸಿ ಇಟ್ಟಂತಿದೆ. ಆ ಮನೆಯ ವರ್ಣನೆಯ ಸೊಗಸು ಈ ದೋಷವನ್ನು ಮರೆಸುತ್ತದೆ, ನೀಗಿಸುವುದಿಲ್ಲ.

ಗ್ರಂಥದ ಹೊರಗಿನ ಒಂದು ಸಂಗತಿಯನ್ನೂ ಹೇಳತಕ್ಕದ್ದು. ಸೂಸಿ ಬೆಕ್ಹೋಫರ್ ಎಂಬವರು ೧೯೩೯ರಲ್ಲಿ ಮೂರು ವರ್ಷದವರಾಗಿದ್ದಾಗ ಅವಳಿ ಸೋದರಿಯೊಡನೆ ಮ್ಯೂನಿಕ್ಕಿನಿಂದ ಬಂದು ವೇಲ್ಸಿನ ಪಾದ್ರಿಯೊಬ್ಬರ ಮನೆಯಲ್ಲಿ ಹೆಸರು ಬದಲಾಗಿ ಬೆಳೆದವರು. ಅವರಿಗೂ ನಿಜವಾದ ಹೆಸರು ತಿಳಿದುದು ಪಾಠಶಾಲೆಯ ಪರೀಕ್ಷೆಯಲ್ಲಿ. ಅವರ ಜೀವನಕಥೆ ೧೯೯೬ರಲ್ಲಿಯೇ ಪುಸ್ತಕವಾಗಿ ಬಂದಿತ್ತು. ತಮ್ಮ ನಾಯಕನಿಗೆ ಇಂತಹ ಹೆಂಗಸೊಬ್ಬರ ಬಾಳು ಒಂದು ಮಾದರಿಯೆಂದು ಸೇಬಾಲ್ಡರು ಸಂದರ್ಶನದಲ್ಲಿ ಒಪ್ಪಿಕೊಂಡರು. ಕಾದಂಬರಿಯಲ್ಲಿ ಆಕೆಯ ಹೆಸರಿಲ್ಲ. ಕಾವ್ಯಕ್ಕೆ ಲೋಕವೃತ್ತವೇ ಆಕರವೆಂಬುದು ಸರಿ. ಆದರೆ ಹೆಸರನ್ನು ಕಳೆದುಕೊಂಡು ಕಷ್ಟದಿಂದ ಮರಳಿ ಪಡೆದವರ ವಿಷಯದಲ್ಲಿ ಹೆಸರು ಹೇಳದಿರುವುದು ಅಲ್ಪವಾದ ಲೋಪವೆ? ಸೂಸಿಯವರು ತಮ್ಮ ನೋವನ್ನು ೨೦೦೨ರಲ್ಲಿ ಪತ್ರಿಕೆಯೊಂದರಲ್ಲಿ ಬರೆದರು. ಅಷ್ಟರಲ್ಲಿ, ೨೦೦೧ನೆಯ ಡಿಸೆಂಬರಿನಲ್ಲಿ, ಗ್ರಂಥಕರ್ತರು ತೀರಿಕೊಂಡಿದ್ದರು.